ಗೊರಕೆ ಒಮ್ಮೆಲೇ ನಿಂತರೆ...

"ಇವರ ಗೊರಕೆಯಿಂದ ನನಗೆ ನಿದ್ದೆಯೇ ಇಲ್ಲ" ಎಂದು ನೆರೆಮನೆಯ ಸಹೋದರಿ ನಗುತ್ತಾ ದೂರಿದರು. ಅವರ ಪತಿ ಲಾರಿ ಚಾಲಕ.

"ಗೊರಕೆ ನಡುವೆ ನಿಲ್ಲುತ್ತದೆಯೇ?" ಎಂದು ಕೇಳಿದೆ. ಅವರ ನಗು ಮಾಯವಾಯಿತು. "ಹೌದು, ಸ್ವಲ್ಪ ಹೊತ್ತು ಉಸಿರೇ ಇರುವುದಿಲ್ಲ. ಮತ್ತೆ ಬೆಚ್ಚಿಬಿದ್ದು ಉಸಿರೆಳೆಯುತ್ತಾರೆ."

ಇದು ಸ್ಲೀಪ್ ಆಪ್ನಿಯಾ ಇರಬಹುದು. ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. ಉಸಿರು 10 ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಹೊತ್ತು ನಿಲ್ಲುತ್ತದೆ. ರೋಗ ತೀವ್ರವಾಗಿದ್ದರೆ ಗಂಟೆಗೆ 30ಕ್ಕೂ ಹೆಚ್ಚು ಬಾರಿ ಹೀಗಾಗುತ್ತದೆ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ರಕ್ತದೊತ್ತಡ ಏರುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟರೆ ಹೃದ್ರೋಗ, ಪಾರ್ಶ್ವವಾಯುವಿನ ಅಪಾಯ ಹೆಚ್ಚು. ಹಗಲಿನ ತೂಕಡಿಕೆಯಂತೂ ವಾಹನ ಓಡಿಸುವವರ ಪ್ರಾಣಕ್ಕೇ ಸಂಚಕಾರ.

ಸಹೋದರಿಯರೇ, ಇದು ಗಂಡಸರ ಕಾಯಿಲೆ ಮಾತ್ರವಲ್ಲ. ಮುಟ್ಟು ನಿಂತ ಬಳಿಕ ನಮ್ಮಲ್ಲೂ ಹೆಚ್ಚುತ್ತದೆ. ಬೆಳಗಿನ ತಲೆನೋವು, ತೀರದ ದಣಿವನ್ನು ಮನೆಗೆಲಸದ ಆಯಾಸವೆಂದು ನಾವೇ ತಳ್ಳಿಹಾಕುತ್ತೇವೆ.

ನಿದ್ದೆಯ ಪರೀಕ್ಷೆಯಿಂದ ರೋಗ ಖಚಿತವಾಗುತ್ತದೆ. ತೂಕ ಇಳಿಸುವುದು, ಮಗ್ಗುಲಾಗಿ ಮಲಗುವುದು ಹಲವರಿಗೆ ಸಹಾಯಕ. ಸಿಪ್ಯಾಪ್ ಎಂಬ ಯಂತ್ರವು ಮುಖವಾಡದ ಮೂಲಕ ಗಾಳಿಯನ್ನು ಒತ್ತಿ ಉಸಿರಿನ ದಾರಿಯನ್ನು ತೆರೆದಿಡುತ್ತದೆ.

ತನ್ನ ಉಸಿರು ನಿಂತದ್ದು ಮಲಗಿದವನಿಗೆ ತಿಳಿಯದು. ಪಕ್ಕದಲ್ಲಿ ಎಚ್ಚರವಿದ್ದವರಿಗೆ ತಿಳಿಯುತ್ತದೆ. ಆದ್ದರಿಂದ ಆ ಸಹೋದರಿಗೆ ಹೇಳಿದೆ: "ವೈದ್ಯರ ಬಳಿಗೆ ಅವರೊಬ್ಬರನ್ನೇ ಕಳುಹಿಸಬೇಡಿ. ನೀವೂ ಹೋಗಿ, ಕಂಡದ್ದನ್ನು ಹೇಳಿ."