ನಡುಗೋಡೆ ಕೆಡಹುವ ಮುಂಚೆ

ಕಬ್ಬಿನ ಬಿಲ್ಲು ಕೈಗೆ ಬರಲು ಶುರುವಾಯಿತೆಂದರೆ ನಮ್ಮ ಗಡಹಿಂಗ್ಲಜ ಭಾಗದಲ್ಲಿ ಹಳೇ ಮನೆ ತೆಗೆದು ಸ್ಲ್ಯಾಬಿನ ಮನೆ ಕಟ್ಟಿಸುವ ಗದ್ದಲ ಆರಂಭ. ಓಣಿಗೊಂದು ಉಸುಕಿನ ಗುಡ್ಡೆ, ಓಣಿಗೊಂದು ಜಗಳ. ಹೊಲದ ಬದುವಿನ ಜಗಳದ ಬಗ್ಗೆ ಎಲ್ಲರೂ ಮಾತಾಡುತ್ತಾರೆ; ಎರಡು ಮನೆಗಳ ನಡುವಿನ ಗೋಡೆಯ ಜಗಳದ ಬಗ್ಗೆ ಬರೆದವರು ಕಡಿಮೆ. ಖರೀದಿ ಪತ್ರದ ಮರಾಠಿಯಲ್ಲಿ ಅದು ‘ಸಾಮಾಯಿಕ ಭಿಂತ’. ನಾವು ನಡುಗೋಡೆ ಅನ್ನುತ್ತೇವೆ. ತೆಲುಗಿನಲ್ಲಿ ‘ಉಮ್ಮಡಿ ಗೋಡ’. ಮೂರೂ ಭಾಷೆ ಬಲ್ಲವನಿಗೂ ಆ ಗೋಡೆ ಎಲ್ಲಿಯವರೆಗೆ ತನ್ನದು ಎಂದು ಹೇಳಲು ಬರುವುದಿಲ್ಲ.

ನನಗೂ ಬರಲಿಲ್ಲ. ನಾಲ್ಕು ವರ್ಷದ ಹಿಂದೆ ನಮ್ಮ ಮನೆ ತೆಗೆಸಿದಾಗಿನ ಮಾತು. ನಮ್ಮದೂ ಪಕ್ಕದ ಕಾಕಾನದೂ ಅಜ್ಜಂದಿರ ಕಾಲಕ್ಕೆ ಒಂದೇ ಮನೆ. ವಾಟಣಿಯಾದಾಗ ಗೋಡೆ ನಡುವೆ ಉಳಿಯಿತು, ಎರಡೂ ಕಡೆಯ ಜಂತಿಗಳು ಅದರ ಮೇಲೇ ಕೂತವು. ಕೆಲಸಕ್ಕೆ ಬಂದ ಗೌಂಡಿ ಪಾಲಮೂರು ಕಡೆಯವನು. ಗೋಡೆ ಬಡಿದು ನೋಡಿ ಅವನು ಕೇಳಿದ ಮೊದಲ ಮಾತು, “ಅನ್ನಾ, ಇದಿ ಉಮ್ಮಡಿ ಗೋಡ ಕದಾ, ಪಕ್ಕಿಂಟಿವಾಳ್ಳನಿ ಅಡಿಗಿನಾರಾ?” ಇದು ನಡುಗೋಡೆ, ಪಕ್ಕದ ಮನೆಯವರನ್ನು ಕೇಳಿದ್ದೀರಾ ಅಂತ. ನಾನು ಅವನದೇ ಭಾಷೆಯಲ್ಲಿ, ಅವರು ನಮ್ಮ ಕಾಕಾನೇ, ನೀ ಕೆಲಸ ನೋಡು ಅಂದುಬಿಟ್ಟೆ. ಪರಊರಿನ ಕೂಲಿಯವನಿಗೆ ಹೊಳೆದದ್ದು ಊರಿನ ನನಗೆ ಹೊಳೆಯಲಿಲ್ಲ.

ಮೂರನೇ ದಿನ ಗುದ್ದಲಿಯ ಏಟಿಗೆ ಕಾಕಾನ ಅಡಿಗೆಮನೆಯೊಳಗೆ ಮಣ್ಣು ಉದುರಿತು. ಎರಡು ಜಂತಿಯ ತುದಿ ಬಯಲಾಯಿತು. ಕಾಕಾ ಹೊರಗೆ ಬಂದು ಕೂಗಾಡಲಿಲ್ಲ.

“ತಮ್ಮಾ, ನಿನ್ನ ಮನಿ ಕೆಡವಾಕ ಹತ್ತೀ ಅಂತ ತಿಳಿದಿದ್ದೆ. ನಂದೂ ಕೆಡವಾಕ ಹತ್ತೀಯಲ್ಲೋ?”

“ಕಾಕಾ, ಗ್ವಾಡಿ ಅರ್ಧ ನಂದೈತಿ.”

“ಅರ್ಧ ನಿಂದು ಖರೇ. ಯಾವ ಅರ್ಧ, ಅದನ್ನ ತೋರಿಸು.”

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಯಾರ ಹತ್ತಿರವೂ ಇರುವುದಿಲ್ಲ. ಮಣ್ಣಿನ ಗೋಡೆಯನ್ನು ಕಟ್ಟಿಗೆಯ ಹಾಗೆ ಉದ್ದಕ್ಕೆ ಸೀಳಲು ಬರುವುದಿಲ್ಲ. ತೆಗೆದರೆ ಪೂರ್ತಿ ತೆಗೆಯಬೇಕು. ತೆಗೆದ ದಿನ ನೆರೆಯವನ ಮಾಳಿಗೆ ಗಾಳಿಯಲ್ಲಿ ನಿಲ್ಲುತ್ತದೆ. ಏಳು ವಾರ ನಮ್ಮ ಕೆಲಸ ನಿಂತಿತು. ಮೃಗದ ಮಳೆ ಬಂತು. ಕಾಕೂ ತಾಡಪತ್ರಿಯ ಕೆಳಗೆ ರೊಟ್ಟಿ ಬಡಿದದ್ದನ್ನು ನಾನು ದಿನಾ ನೋಡಿದೆ.

ಜಗಳದ ಗಂಟು ಇನ್ನೊಂದಿದೆ, ಅದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ನಮ್ಮ ಹಳೇ ಗೋಡೆ ಎರಡಡಿ ದಪ್ಪ, ಮೂವತ್ತಡಿ ಉದ್ದ. ಅಂದರೆ 60 ಚದರಡಿ ಜಾಗ ಗೋಡೆಯೇ ತಿಂದಿತ್ತು. ಈಗ ಒಂಬತ್ತು ಇಂಚಿನ ಇಟ್ಟಂಗಿ ಗೋಡೆ ಕಟ್ಟಿದರೆ ಅದಕ್ಕೆ ಬೇಕಾಗುವುದು ಇಪ್ಪತ್ತೆರಡೂವರೆ ಚದರಡಿ. ಉಳಿದ ಮೂವತ್ತೇಳೂವರೆ ಯಾರದು? ಮೊದಲು ಕಟ್ಟಿಸಿದವನು ಸದ್ದಿಲ್ಲದೆ ತನ್ನ ಒಳಮನೆಗೆ ಸೇರಿಸಿಕೊಳ್ಳುತ್ತಾನೆ. ಹತ್ತು ವರ್ಷ ಬಿಟ್ಟು ನೆರೆಯವನು ಕಟ್ಟಿಸುವಾಗ ಟೇಪು ಹಿಡಿದು ನೋಡಿದರೆ ಅವನ ಮನೆ ಒಂದಡಿ ಸಣ್ಣದಾಗಿರುತ್ತದೆ. ಪೇಟೆಯ ಅಂಗಡಿ ಸಾಲಿನಲ್ಲಿ ಒಂದಡಿಯ ಬೆಲೆ ಏನೆಂದು ವ್ಯಾಪಾರಸ್ಥರಿಗೆ ನಾನು ಹೇಳಬೇಕಿಲ್ಲ.

ಸರ್ಕಾರಿ ನಕ್ಷೆ ನೋಡಿದರಾಯಿತು ಅನ್ನುವವರಿದ್ದಾರೆ. ಸಿಟಿ ಸರ್ವೆಯ ನಕ್ಷೆಯಲ್ಲಿ ಗಡಿ ಅಂದರೆ ಒಂದು ಗೆರೆ. ಗೆರೆಗೆ ದಪ್ಪ ಇಲ್ಲ, ಗೋಡೆಗೆ ಎರಡಡಿ ಇದೆ. 2020ರ ಏಪ್ರಿಲ್‌ನಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಗಳ ಗಾವಠಾಣದ ಮೇಲೆ ಡ್ರೋನ್ ಹಾರಿಸಿ ಅಳತೆ ಮಾಡಲಾಗುತ್ತಿದೆ. ಒಳ್ಳೆಯ ಕೆಲಸವೇ. ಡ್ರೋನ್ ಹಾರುವ ಮೊದಲು ಮನೆಯವರ ಎದುರು ಸುಣ್ಣದ ಗೆರೆ ಹಾಕುತ್ತಾರೆ. ಆದರೆ ಎರಡು ಮಾಳಿಗೆ ಕೂಡಿಕೊಂಡಿರುವಲ್ಲಿ ಮೇಲಿನಿಂದ ಕಾಣುವುದು ಮಾಳಿಗೆ, ಗೋಡೆಯಲ್ಲ. ಸುಣ್ಣದ ಗೆರೆ ಹಾಕುವ ದಿನ ಎರಡೂ ಮನೆಯ ಹಿರಿಯರು ಅಲ್ಲಿ ನಿಂತಿರಬೇಕು.

ಕಾಯ್ದೆಯ ಮಾತಿಗೆ ಬಂದರೆ, ನಡುಗೋಡೆಗೇ ಎಂದು ಪ್ರತ್ಯೇಕ ಕಾನೂನು ನಮ್ಮಲ್ಲಿಲ್ಲ. ಇಂಗ್ಲೆಂಡಿನಲ್ಲಿ 1996ರಲ್ಲಿ ಅಂಥದೊಂದು ಕಾಯ್ದೆ ಮಾಡಿಕೊಂಡಿದ್ದಾರೆ. ಹಂಚಿಕೊಂಡ ಗೋಡೆಗೆ ಕೈ ಹಚ್ಚುವವನು ಎರಡು ತಿಂಗಳ ಮೊದಲೇ ನೆರೆಯವನಿಗೆ ಬರವಣಿಗೆಯಲ್ಲಿ ತಿಳಿಸಬೇಕು. ನಮಗಿರುವುದು 1882ರ ಈಸ್‌ಮೆಂಟ್ ಕಾಯ್ದೆ. ಗಡಹಿಂಗ್ಲಜಕ್ಕೂ ಅದೇ, ಸಂಕೇಶ್ವರಕ್ಕೂ ಅದೇ. ಅದರ 15ನೇ ಕಲಮಿನ ಪ್ರಕಾರ, ಒಂದು ಮನೆ ಪಕ್ಕದವರ ನೆಲದ ಅಥವಾ ಗೋಡೆಯ ಆಸರೆಯನ್ನು ಹಕ್ಕಿನಂತೆ ತಕರಾರಿಲ್ಲದೆ ಇಪ್ಪತ್ತು ವರ್ಷ ಪಡೆದಿದ್ದರೆ ಆ ಆಸರೆಯ ಹಕ್ಕು ಗಟ್ಟಿಯಾಗುತ್ತದೆ. ಗಾಳಿ ಬೆಳಕಿಗೂ ಅದೇ ಲೆಕ್ಕ. ಇನ್ನು ಇಬ್ಬರದೂ ಆದ ಗೋಡೆಯನ್ನು ಒಬ್ಬನೇ ಮನಸ್ಸಿಗೆ ಬಂದಂತೆ ಕೆಡಹುವ ಹಾಗಿಲ್ಲ. ನನ್ನ ‘ಅರ್ಧ ನಂದೈತಿ’ ಎಂಬ ಮಾತು ಕೋರ್ಟಿನಲ್ಲಿ ಎಷ್ಟು ಹೊತ್ತು ನಿಲ್ಲುತ್ತಿತ್ತೋ ನೋಡಿ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಗೌಂಡಿಗೆ ಮುಂಗಡ ಕೊಡುವ ಮೊದಲು ನೆರೆಯವನ ಜೊತೆ ಕಾಗದ ಆಗಬೇಕು. “ಕಾಗದ ಯಾಕ, ನಾವೇನ್ ಪರದೇಶಿಯವರ?” ಎನ್ನುವ ಪ್ರೀತಿ ಮೊದಲ ಮಳೆಗೆ ತೊಳೆದುಹೋಗುತ್ತದೆ. ಗೋಡೆಯ ದಪ್ಪ, ಉದ್ದ, ಎತ್ತರ, ಯಾವ ಕಡೆ ಎಷ್ಟು ಜಂತಿ, ಮಳೆನೀರು ಎಲ್ಲಿ ಬೀಳುತ್ತಿತ್ತು, ಹೊಸ ಗೋಡೆ ಒಂದೋ ಎರಡೋ, ಖರ್ಚು ಯಾರದು, ಉಳಿದ ಜಾಗ ಯಾರಿಗೆ, ಇವೆಲ್ಲ ಅದರಲ್ಲಿರಲಿ. ಕೆಡಹುವ ಮೊದಲಿನ ಫೋಟೋ ಇರಲಿ, ನೆರೆಯವನ ಗೋಡೆಯಲ್ಲಿ ಆಗಲೇ ಇದ್ದ ಬಿರುಕಿನ ಫೋಟೋ ಮರೆಯಬಾರದು. ಜಾಗವೇ ಒಬ್ಬರಿಂದ ಒಬ್ಬರಿಗೆ ಹೋಗುವುದಾದರೆ ನೋಟರಿ ಮುಂದೆ ಮಾಡಿದ ಬಾಂಡ್ ಪೇಪರು ಸಾಲದು. 1908ರ ನೋಂದಣಿ ಕಾಯ್ದೆಯಂತೆ ನೂರು ರೂಪಾಯಿ ಮತ್ತು ಮೇಲ್ಪಟ್ಟ ಸ್ಥಿರ ಆಸ್ತಿಯ ಹಕ್ಕು ಕೊಡುವ ಪತ್ರ ನೋಂದಣಿ ಆಗಲೇಬೇಕು. ಅಳತೆಯ ಬಗ್ಗೆಯೇ ಸಂಶಯ ಇದ್ದರೆ ಭೂಮಿ ಅಭಿಲೇಖ ಕಚೇರಿಗೆ ಹಣ ಕಟ್ಟಿ ಮೋಜಣಿ ಮಾಡಿಸಿರಿ.

ಇಲ್ಲಿ ಗಡಿಯವರಿಗೆ ಮಾತ್ರ ಇರುವ ತೊಂದರೆಯೊಂದಿದೆ. ಮನೆಯಲ್ಲಿ ಕನ್ನಡ, ಕಾಗದ ಮರಾಠಿ. ನೂಲ, ಹಲಕರ್ಣಿ ಕಡೆಯ ನಮ್ಮ ಎಷ್ಟೋ ಹಿರಿಯರು ಮರಾಠಿ ಸಂತೆಯಲ್ಲಿ ಚೆನ್ನಾಗಿ ಆಡುತ್ತಾರೆ, ದಸ್ತಾವೇಜಿನ ಮರಾಠಿ ಓದಲಾರರು. ಕಾಕಾನ ವಾಟಣಿ ಪತ್ರದಲ್ಲಿ ‘ಸಾಮಾಯಿಕ’ ಎಂಬ ಶಬ್ದ ಇದ್ದದ್ದು ಅವರಿಗೆ ತಿಳಿದದ್ದೇ ನಮ್ಮ ಜಗಳದ ಹೊತ್ತಿಗೆ. ಕಾಗದ ಮರಾಠಿಯಲ್ಲೇ ಆಗಲಿ, ಸಹಿಗೆ ಮೊದಲು ಸಾಲು ಸಾಲಾಗಿ ಕನ್ನಡದಲ್ಲಿ ಓದಿ ಹೇಳಿರಿ, ಹೆಣ್ಣುಮಕ್ಕಳಿಗೂ. ಮಣ್ಣು ಉದುರುವುದು ಅವರ ಅಡಿಗೆಮನೆಗೆ.

ಕಟ್ಟುವ ರೀತಿಯಲ್ಲೂ ಜಾಣತನ ಬೇಕು. ಪಾಯಾವನ್ನು ನೆರೆಯವನ ಗೋಡೆಗುಂಟ ಒಮ್ಮೆಲೇ ಮೂವತ್ತಡಿ ಅಗಿಯಬಾರದು. ನಾಲ್ಕೈದು ಅಡಿಯಂತೆ ಬಿಟ್ಟು ಬಿಟ್ಟು ಅಗಿದು, ಕಟ್ಟಿ, ಮುಂದೆ ಸಾಗಬೇಕು. ಎರೆಮಣ್ಣಿನಲ್ಲಂತೂ ಬೇಸಿಗೆಯಲ್ಲೇ ಮುಗಿಸಬೇಕು. ಕಾಲಮ್ಮಿನ ಬುಡ ಗೋಡೆಗಿಂತ ಅಗಲ, ಅದು ನೆಲದೊಳಗೆ ನೆರೆಯವನ ಜಾಗಕ್ಕೆ ಸದ್ದಿಲ್ಲದೆ ಹೋಗುತ್ತದೆ. ಅಂಚಿನ ಕಾಲಮ್ಮನ್ನು ಒಳಗಿನ ಕಾಲಮ್ಮಿಗೆ ಬೀಮಿನಿಂದ ಕಟ್ಟುವ ಪದ್ಧತಿ ಇಂಜಿನಿಯರರಿಗೆ ಗೊತ್ತು, ಕೇಳಿರಿ. ಶಕ್ತಿ ಇದ್ದರೆ ಇಬ್ಬರೂ ತಮ್ಮ ತಮ್ಮ ಅರ್ಧದಲ್ಲಿ ಬೇರೆ ಬೇರೆ ಗೋಡೆ ಕಟ್ಟಿಕೊಳ್ಳುವುದೇ ಮೇಲು. ನಡುವಿನ ಸಂದಿಯ ತಲೆಯನ್ನು ಮಾತ್ರ ಮುಚ್ಚಬೇಕು, ಇಲ್ಲವಾದರೆ ಆಷಾಢದ ನೀರು ಇಳಿದು ಎರಡೂ ಗೋಡೆ ಕೊಳೆಯುತ್ತವೆ.

ಇಚಲಕರಂಜಿಯ ನೇಕಾರ ಬಂಧುಗಳಿಗೆ ಎರಡು ಗೋಡೆಯ ಮಾತು ಇನ್ನೂ ಅಗತ್ಯ. 1904ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ವಿದ್ಯುತ್ ಮಗ್ಗ ಹಾಕಿದರು. ಮಗ್ಗ ಮನೆಯಲ್ಲೇ ಇರುವ ಓಣಿಗಳಲ್ಲಿ ನಡುಗೋಡೆ ಒಂದೇ ಇದ್ದರೆ ಇವನ ಮಗ್ಗದ ನಡುಕ ಅವನ ಗಿಲಾಯಕ್ಕೆ ಬಿರುಕು. ಕೊಲ್ಹಾಪುರದವರು 2019ರ ಆಗಸ್ಟ್ ಮತ್ತು 2021ರ ಜುಲೈನ ಪಂಚಗಂಗೆಯ ಮಹಾಪೂರ ಮರೆತಿರಲಾರರು. ನೆನೆದ ಮಣ್ಣಿನ ನಡುಗೋಡೆ ಬಿದ್ದರೆ ಒಂದು ಮನೆಯನ್ನಲ್ಲ, ಎರಡನ್ನು ಎಳೆದುಕೊಂಡು ಬೀಳುತ್ತದೆ.

ಇಷ್ಟಾಗಿಯೂ ಜಗಳ ಬಂದರೆ? 2007ರ ಆಗಸ್ಟ್ 15ರಿಂದ ಮಹಾರಾಷ್ಟ್ರದಲ್ಲಿ ತಂಟಾಮುಕ್ತ ಗಾವ ಅಭಿಯಾನ ಶುರುವಾಗಿ ಹಳ್ಳಿಗಳಲ್ಲಿ ಸಮಿತಿಗಳಾದವು. ನಿಮ್ಮೂರಿನ ಸಮಿತಿಗೆ ಜೀವ ಇದ್ದರೆ ಅಲ್ಲಿಗೆ ಹೋಗಿರಿ. ಲೋಕ ಅದಾಲತ್ ಇದೆ. ಅಲ್ಲಿ ರಾಜಿಯಾದದ್ದಕ್ಕೆ ಕೋರ್ಟಿನ ಡಿಕ್ರಿಯ ಬಲವಿದೆ, ಮೇಲೆ ಅಪೀಲಿಲ್ಲ. 2025ರ ಆಗಸ್ಟ್‌ನಲ್ಲಿ ಮುಂಬೈ ಹೈಕೋರ್ಟಿನ ಸರ್ಕ್ಯೂಟ್ ಬೆಂಚು ಕೊಲ್ಹಾಪುರಕ್ಕೆ ಬಂದಿದೆ, ಸಂತೋಷ. ಒಂದಡಿ ಗೋಡೆ ಹಿಡಿದು ಅಲ್ಲಿಯವರೆಗೂ ಹೋಗುವುದು ಈಗ ಸುಲಭವಾಯಿತಲ್ಲ ಎಂದು ಒಬ್ಬರು ನಗುತ್ತ ಅಂದರು, ನನಗೆ ನಗು ಬರಲಿಲ್ಲ. ನಾವು ಹೋಗಲಿಲ್ಲ. ಓಣಿಯ ನಾಲ್ಕು ಹಿರಿಯರು ಕೂತು ಮುಗಿಸಿದರು: ಕಾಕಾನ ಜಂತಿಗೆ ಆಸರೆ ಕಂಬ ನನ್ನ ಖರ್ಚು, ಅವರ ಕಡೆಯ ಗೋಡೆಗೆ ಇಟ್ಟಂಗಿ ನನ್ನದು, ಕೂಲಿ ಅವರದು, ಗಡಿ ಹಳೇ ಗೋಡೆಯ ನಟ್ಟನಡುವೆ. ಕಾಗದದ ಮೊದಲು ಆಗಿದ್ದರೆ ಇದಕ್ಕೆ ಒಂದು ಸಂಜೆ ಸಾಕಿತ್ತು.

ಈ ವರ್ಷ ನಮ್ಮ ಓಣಿಯ ಕೊನೆಯ ಮನೆಯ ಹುಡುಗ ಕಟ್ಟಿಸಲು ಹೊರಟಿದ್ದಾನೆ. ಗೌಂಡಿ ಬರುವ ಮೊದಲು ಟೇಪು ಹಿಡಿದು ನೆರೆಮನೆಗೆ ಹೋದೆವು. ಕಾಕಾ ಕೋಲೂರಿಕೊಂಡು ಹಿಂದೆಯೇ ಬಂದರು. “ಟೇಪ್ ಆಮ್ಯಾಲ, ಮದಲ ಜಂತಿ ಎಣಿಸ್ರಿ” ಅಂದರು. ಆಚೆ ಹನ್ನೊಂದು, ಈಚೆ ಒಂಬತ್ತು. ಬರೆದುಕೊಂಡೆವು.