ಫೇರ್‌ವೆಲ್ ಆಗದ ಬ್ಯಾಚು

ಬಸ್ ನಿಲ್ದಾಣದ ಹತ್ತಿರದ ಬಳೆ ಅಂಗಡಿಯವರು ಮೊನ್ನೆ ಒಂದು ಮಾತು ತೆಗೆದರು. "ಸ್ವಾಮಿ, ವರ್ಷಾ ವರ್ಷ ಪರೀಕ್ಷೆಗೆ ಮುಂಚೆ ನಮಗೊಂದು ಸಣ್ಣ ಹಬ್ಬ ಐತೆ. ಹತ್ತನೇ ಕ್ಲಾಸಿನ ಹುಡುಗೀರು ಫೇರ್‌ವೆಲ್ಲು ಅಂತ ಗುಂಪು ಕಟ್ಕೊಂಡು ಬರ್ತಾರೆ. ಅಮ್ಮನ ಸೀರೆ ಬಣ್ಣ ಹೇಳಿ ಅದಕ್ಕೆ ಸರಿಯಾದ ಬಳೆ ತೆಗೀರಿ ಅಂತ ತಲೆ ತಿಂತಾರೆ. ಆ 2021ನೇ ಇಸವೀಲಿ ಮಾತ್ರ ಒಬ್ಬಳೂ ಬರಲಿಲ್ಲ ನೋಡಿ." ಅವರು ಹೇಳಿದ್ದು ವ್ಯಾಪಾರದ ಲೆಕ್ಕ. ನಮಗೆ ಮಾತ್ರ ಆ ಲೆಕ್ಕ ಎರಡು ದಿನ ನಿದ್ದೆ ಕೊಡಲಿಲ್ಲ.

ಬರಲಿಲ್ಲ ಯಾಕೆ ಎನ್ನುವುದು ಎಲ್ಲರಿಗೂ ಗೊತ್ತಿರುವುದೇ. ಆದರೂ ಮರೆವು ನಮ್ಮ ಊರಿನ ದೊಡ್ಡ ರೋಗ, ಅದಕ್ಕೆ ಇನ್ನೊಮ್ಮೆ ಹೇಳುತ್ತೇವೆ. 2020ರ ಬ್ಯಾಚಿನ ಮಕ್ಕಳು ಮಾರ್ಚ್ 27ಕ್ಕೆ ಪರೀಕ್ಷೆ ಎಂದು ಓದಿ ಕೂತಿದ್ದರು. ಮಾರ್ಚ್ 24ರ ರಾತ್ರಿ ದೇಶಕ್ಕೇ ಬೀಗ ಬಿತ್ತು. ಮೂರು ತಿಂಗಳು ಕಾದು ಜೂನ್ 25ರಿಂದ ಪರೀಕ್ಷೆ ಬರೆದರು. ಬಾಯಿಗೆ ಮಾಸ್ಕು, ಹಣೆಗೆ ಜ್ವರ ನೋಡುವ ಯಂತ್ರ, ಗೆಳತಿಯ ಬೆಂಚು ಮಾರು ದೂರ. ಹಾಲ್ ಟಿಕೆಟ್ ತೋರಿಸಿದರೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಇಲ್ಲ ಎಂದು ಸಾರಿಗೆಯವರು ಸಾರಿದ್ದೂ ಆಗಲೇ. ಬೀಗ ಬೀಳುವ ಮುಂಚೆ ಫೇರ್‌ವೆಲ್ ಮುಗಿಸಿಕೊಂಡಿದ್ದ ಶಾಲೆಯವರು ಪುಣ್ಯವಂತರು.

2021ರವರಿಗೆ ಆ ಪುಣ್ಯವೂ ಇರಲಿಲ್ಲ. ಹತ್ತನೇ ತರಗತಿ ಬಾಗಿಲು ತೆರೆದದ್ದೇ 2021ರ ಜನವರಿ 1ಕ್ಕೆ. ಮೂರು ತಿಂಗಳು ಪಾಠ ಆಗುವಷ್ಟರಲ್ಲಿ ಏಪ್ರಿಲ್ 7ರಿಂದ ಸಾರಿಗೆ ನೌಕರರ ಮುಷ್ಕರ, ಎರಡು ವಾರ ಕೆಂಪು ಬಸ್ಸೇ ಇಲ್ಲ. ಬಸ್ಸು ಹೊರಡುವ ಹೊತ್ತಿಗೆ ಎರಡನೇ ಅಲೆ ಬಂದಿತ್ತು, ಶಾಲೆ ಮುಚ್ಚಿತ್ತು. ಆ ಮಕ್ಕಳು ಮತ್ತೆ ಒಂದು ಕಡೆ ಸೇರಿದ್ದು ಜುಲೈ 19 ಮತ್ತು 22, ಎರಡೇ ದಿನ. ಅದೂ ಉತ್ತರಕ್ಕೆ ಗುಂಡು ಸುತ್ತುವ ಪರೀಕ್ಷೆಗೆ. ಮುಗಿದ ಕೂಡಲೇ ಗುಂಪು ಕೂಡಬೇಡಿ, ಮನೆಗೆ ನಡೀರಿ ಎಂದು ಗೇಟಿನಾಚೆ ಕಳಿಸಿದರು. ಹತ್ತು ವರ್ಷದ ಶಾಲೆ ಹೀಗೆ ಮುಗಿಯಿತು.

ಇಲ್ಲಿ ಕಾನ್ವೆಂಟಿನ ವಿಷಯ ಸ್ವಲ್ಪ ಹೇಳಬೇಕು. ನಮ್ಮ ಕಡೆ ಇಂಗ್ಲಿಷ್ ಬೋರ್ಡು ಹಾಕಿದ ಶಾಲೆಗೆಲ್ಲ ಕಾನ್ವೆಂಟ್ ಎನ್ನುತ್ತಾರೆ, ಒಳಗೆ ಒಬ್ಬ ಸಿಸ್ಟರೂ ಇರುವುದಿಲ್ಲ! ನಿಜವಾದ ಕಾನ್ವೆಂಟು ಎಂದರೆ ಕ್ಯಾಥೊಲಿಕ್ ಕನ್ಯಾಸ್ತ್ರೀಯರ ಮಠ. ಅವರು ನಡೆಸುವ ಹೆಣ್ಣುಮಕ್ಕಳ ಶಾಲೆ. ಗುಡ್ ಶೆಪರ್ಡ್ ಸಿಸ್ಟರುಗಳು ಬೆಂಗಳೂರಿಗೆ ಬಂದದ್ದು 1854ರಲ್ಲಿ. ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರುಗಳು ಫ್ರಾನ್ಸಿನಿಂದ ಹಡಗು ಹತ್ತಿ ಮಂಗಳೂರಿಗೆ ಬಂದದ್ದು 1870ರಲ್ಲಿ. ಹೆಣ್ಣುಮಕ್ಕಳು ಅಕ್ಷರ ಕಲಿತರೆ ಮನೆ ಕೆಡುತ್ತದೆ ಎನ್ನುತ್ತಿದ್ದ ಕಾಲ ಅದು. ಅದೇ ಕಾರ್ಮೆಲ್ ಸಿಸ್ಟರುಗಳು ಮಂಗಳೂರಲ್ಲಿ ಸೇಂಟ್ ಆಗ್ನೆಸ್ ಹೆಣ್ಣುಮಕ್ಕಳ ಕಾಲೇಜು ತೆರೆದದ್ದು 1921ರಲ್ಲಿ. ಲೋಕವನ್ನೇ ಗುಡಿಸಿಹಾಕಿದ 1918ರ ಇನ್‌ಫ್ಲುಯೆಂಜಾ ಕಳೆದು ಆಗ ಇನ್ನೂ ಮೂರೇ ವರ್ಷ. ಕಾಲೇಜಿಗೆ ನೂರು ತುಂಬುವ ಹೊತ್ತಿಗೆ ಇನ್ನೊಂದು ಪಿಡುಗು ಬಂದು ರಾಜ್ಯದ ಕಾಲೇಜುಗಳಿಗೆಲ್ಲ ಬೀಗ ಹಾಕಿಸಿತು.

ಈ ಸಿಸ್ಟರುಗಳ ಶಾಲೆಯಲ್ಲಿ ಬೀಳ್ಕೊಡುಗೆ ಎಂದರೆ ಬೋಂಡಾ ಕಾಫಿ ಕೊಟ್ಟು ಕೈ ತೊಳೆದುಕೊಳ್ಳುವ ಕಾರ್ಯಕ್ರಮವಲ್ಲ. ಒಂಬತ್ತನೆಯವರು ನಿಂತು ನಡೆಸುತ್ತಾರೆ, ಹತ್ತನೆಯವರು ಸೀರೆ ಉಟ್ಟು ಬರುತ್ತಾರೆ. ಮೊದಲು ಪ್ರಾರ್ಥನೆ. ಹುಡುಗಿಯರಲ್ಲಿ ಹಿಂದೂಗಳೇ ಹೆಚ್ಚು, ಮುಸ್ಲಿಮರೂ ಉಂಟು, ಎಲ್ಲರೂ ನಿಲ್ಲುತ್ತಾರೆ. ಆಮೇಲೆ ದೊಡ್ಡವರ ಕೈಯ ಮೇಣದ ಬತ್ತಿಯಿಂದ ಚಿಕ್ಕವರ ಬತ್ತಿಗೆ ದೀಪ ಹಚ್ಚುವುದು. ಕಣ್ಣೀರು, ಆಟೋಗ್ರಾಫು, ಗ್ರೂಪ್ ಫೋಟೊ. ಇವೆಲ್ಲ ಆದಮೇಲೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬಾಗಿಲ ಹತ್ತಿರ ನಿಂತು ಒಬ್ಬೊಬ್ಬಳನ್ನೇ ಕೇಳುತ್ತಾರೆ: "ಮುಂದೇನು ಮಗಳೇ? ಯಾವ ಕಾಲೇಜು? ಅಪ್ಪ ಏನಂದ್ರು?" ಪಿಡುಗಿನ ವರ್ಷದಲ್ಲಿ ಅನುಕೂಲ ಇದ್ದ ಶಾಲೆಗಳು ಇದನ್ನೇ ಫೋನಿನ ಪರದೆಯಲ್ಲಿ ಮಾಡಿದವು. ಮನೆಯಲ್ಲೇ ಸೀರೆ ಉಟ್ಟು, ಮನೆಯಲ್ಲೇ ದೀಪ ಹಚ್ಚಿ, ಪರದೆ ತುಂಬ ಚೌಕ ಚೌಕವಾಗಿ ಮುಖಗಳು. ಅಮೆರಿಕದಲ್ಲಿ ಕಾರಿನಲ್ಲಿ ಕೂತಂತೆಯೇ ಸರ್ಟಿಫಿಕೇಟು ಇಸಕೊಂಡು ಹೋದರಂತೆ. ಅದೂ ಒಂದು ಬೀಳ್ಕೊಡುಗೆಯೇ ಬಿಡಿ, ಆ ಬಾಗಿಲ ಪ್ರಶ್ನೆ ತಪ್ಪಲಿಲ್ಲವಲ್ಲ.

ವರವು ಕಾವಲ್ ಸುತ್ತಲ ಹಟ್ಟಿಗಳ ಹುಡುಗಿಗೆ ಆ ಪರದೆ ಎಲ್ಲಿಂದ ಬರಬೇಕು? ಕಾವಲಿನ ಗೋಡೆಯ ಒಳಗೆ ಪೈಲಟ್ ಇಲ್ಲದ ವಿಮಾನ ಪರೀಕ್ಷಿಸುವ ಕೇಂದ್ರ 2017ರ ಮೇ 28ರಂದೇ ಉದ್ಘಾಟನೆ ಆಗಿತ್ತು. ಆಕಾಶದ ವಿಮಾನವನ್ನು ಅವರು ನೆಲದಲ್ಲಿ ಕೂತು ನಡೆಸುತ್ತಾರೆ. ಗೋಡೆಯ ಹೊರಗೆ ಮನೆಗೊಂದೇ ಫೋನು. ಅಪ್ಪ ಕುರಿ ಹಿಂದೆ ಹೋದರೆ ಫೋನೂ ಕುರಿ ಹಿಂದೆ. ಹಾಸ್ಟೆಲುಗಳು ಮುಚ್ಚಿ ಮಕ್ಕಳು ಊರು ಸೇರಿದ್ದರು. ಚಂದನ ಟಿ.ವಿ.ಯಲ್ಲಿ ಪಾಠ ಬರುವ ಹೊತ್ತಿಗೆ ಆ ಹುಡುಗಿ ಶೇಂಗಾ ಹೊಲದಲ್ಲಿ ಕಳೆ ಕೀಳುತ್ತಿದ್ದರೆ ತಪ್ಪು ಯಾರದು?

ಫೇರ್‌ವೆಲ್ ಇಲ್ಲದಿದ್ದರೆ ಗಂಟೇನು ಹೋಯ್ತು ಎಂದು ಕೇಳುವವರಿದ್ದಾರೆ. ಗಂಟು ಹೋಗಿದೆ, ಕೇಳಿ. ಹತ್ತನೇ ತರಗತಿ ಮುಗಿಸುವ ಹುಡುಗಿಗೆ ಹದಿನೈದು, ಹದಿನಾರು ವರ್ಷ. ಮನೆಯಲ್ಲಿ ಮುಂದಿನ ಮಾತು ನಡೆಯುವುದು ಆಗಲೇ. ಕಾಲೇಜೋ, ಗಾರ್ಮೆಂಟ್ಸೋ, ಸೋದರಮಾವನೋ. ಮಾಮೂಲಿ ವರ್ಷದಲ್ಲಿ ಮೇಡಂ ಒಬ್ಬರಾದರೂ ಆ ಹುಡುಗಿಯ ಮುಖ ನೋಡಿ ವಿಷಯ ಹಿಡಿಯುತ್ತಿದ್ದರು. ಅಪ್ಪನನ್ನು ಕರೆಸಿ ನಾಲ್ಕು ಮಾತು ಹೇಳುತ್ತಿದ್ದರು. ಆ ವರ್ಷ ಮುಖಕ್ಕೆ ಮಾಸ್ಕಿತ್ತು, ಗೇಟಿಗೆ ಬೀಗವಿತ್ತು. ಇನ್ನು ಮದುವೆಯೋ, ಛತ್ರ ಬೇಡ, ಲಗ್ನಪತ್ರಿಕೆ ಬೇಡ, ಮನೆಮುಂದೆ ಚಪ್ಪರ ಹಾಕಿ ನಾಲ್ಕು ಜನರಲ್ಲಿ ಮುಗಿಸಿದರೆ ಖರ್ಚೂ ಇಲ್ಲ, ಕೇಳುವವರೂ ಇಲ್ಲ. 2021ರ ಮಾರ್ಚಿನಲ್ಲೇ ಯುನಿಸೆಫ್‌ನವರು ಎಚ್ಚರಿಸಿದ್ದರು: ಈ ಪಿಡುಗಿನಿಂದಾಗಿ ಹತ್ತು ವರ್ಷದೊಳಗೆ ಲೋಕದಲ್ಲಿ ಇನ್ನೂ 1 ಕೋಟಿ ಹೆಣ್ಣುಮಕ್ಕಳು ಬಾಲ್ಯವಿವಾಹಕ್ಕೆ ಸಿಕ್ಕಾರು ಎಂದು. ಕಾಯ್ದೆ 2006ರಿಂದ ಇದೆ. ಹೆಣ್ಣಿಗೆ 18 ತುಂಬಬೇಕು, ಸಹಾಯಕ್ಕೆ 1098ಕ್ಕೆ ಫೋನು ಮಾಡಬೇಕು. ಎಲ್ಲ ಸರಿ. ಫೋನು ಕುರಿ ಹಿಂದೆ ಹೋಗಿತ್ತು ಎಂದು ಆಗಲೇ ಹೇಳಿದೆವಲ್ಲ.

ಗಾಯದ ಮೇಲೆ ಉಪ್ಪು ಬೇರೆ. ಆ ವರ್ಷ ಪರೀಕ್ಷೆ ಬರೆದವರಲ್ಲಿ ಒಬ್ಬರನ್ನು ಬಿಟ್ಟು ರಾಜ್ಯಕ್ಕೆ ರಾಜ್ಯವೇ ಪಾಸು. ಅಲ್ಲಿಗೆ ಆ ಮಕ್ಕಳಿಗೆ 'ಕೊರೊನಾ ಪಾಸ್' ಎಂಬ ಅಡ್ಡಹೆಸರು ಅಂಟಿತು. ಕೆಲಸ ಕೇಳಿ ಅಂಗಡಿಗೆ ಬಂದ ಹುಡುಗಿಗೆ "ನೀನು ಕೊರೊನಾ ಪಾಸಾ?" ಎಂದು ನಗುವವರನ್ನು ನಾವೇ ಕಂಡಿದ್ದೇವೆ. ಅಂಗಡಿ ಸಾಹುಕಾರರಲ್ಲಿ ಕೈಮುಗಿದು ಒಂದು ಮಾತು. ಬಸ್ಸಿಲ್ಲದೆ, ಫೋನಿಲ್ಲದೆ, ಮನೆಯಲ್ಲಿ ಯಾರಿಗೋ ಆಕ್ಸಿಜನ್ ಸಿಗದ ಹೊತ್ತಿನಲ್ಲಿ ಓದಿದ ಮಗು ಅದು. ನಾವು ನೀವು ಆ ವರ್ಷ ಯಾವ ಪರೀಕ್ಷೆ ಪಾಸು ಮಾಡಿದೆವು? ಮುಚ್ಚಿದ ಶಟರ್ ಸಂದಿಯಲ್ಲಿ ಸಾಮಾನು ಮಾರಿದ್ದೊಂದು ಬಿಟ್ಟರೆ?

ನಮ್ಮ ಕೇಳಿಕೆ ದೊಡ್ಡದೇನಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಎರಡೂ ತಾಲ್ಲೂಕಿನ ಹೈಸ್ಕೂಲುಗಳಲ್ಲಿ ಹೆಡ್‌ಮಾಸ್ತರರ ರೂಮಿನ ಬೀರು ಒಮ್ಮೆ ತೆಗೆಸಿ ನೋಡಬೇಕು. 2021ರ ಬ್ಯಾಚಿನ ಟಿ.ಸಿ., ಮಾರ್ಕ್ಸ್ ಕಾರ್ಡು ಎಷ್ಟು ಹಾಗೇ ಉಳಿದಿವೆ? ಪಿ.ಯು.ಸಿ. ಸೇರಿದವರು ಟಿ.ಸಿ. ತೆಗೆದುಕೊಂಡೇ ಹೋಗಿರುತ್ತಾರೆ. ಉಳಿದವುಗಳ ಒಡತಿಯರು ಎಲ್ಲಿದ್ದಾರೆ ಎನ್ನುವುದೇ ಪ್ರಶ್ನೆ. ಧೂಳು ಹೊಡೆದು ಹೆಸರು ಓದಿದರೆ ಒಂದು ಪಟ್ಟಿ ತಾನೇ ಆಗುತ್ತದೆ. ಅದಕ್ಕೆ ಸಮಿತಿ ಬೇಡ, ಸರ್ಕ್ಯುಲರ್ ಬೇಡ. ಆ ಹೆಣ್ಣುಮಕ್ಕಳಿಗೆ ಈಗ ಇಪ್ಪತ್ತು ದಾಟಿದೆ. ಕೆಲವರ ಸೊಂಟದಲ್ಲಿ ಮಗು ಇರಬಹುದು. ಇರಲಿ, ಮಗುವಿನ ಜೊತೆಗೇ ಕರೆಯಿರಿ. ಒಂದು ಭಾನುವಾರ ಶಾಲೆ ಅಂಗಳದಲ್ಲಿ ಆ ಬ್ಯಾಚಿಗೆ ತಪ್ಪಿದ ಫೇರ್‌ವೆಲ್ ಮಾಡಿ. ಕನ್ಯಾಸ್ತ್ರೀಯರಿಂದ ಬಾಗಿಲಲ್ಲಿ ನಿಲ್ಲುವ ಆ ಪದ್ಧತಿಯನ್ನು ಕಡ ತಂದರೆ ಯಾರ ಜಾತಿಯೂ ಕೆಡುವುದಿಲ್ಲ. "ಮುಂದೇನಮ್ಮಾ?" ಎಂದು ಈಗಲಾದರೂ ಕೇಳಬಹುದು. ಓದು ಬಿಟ್ಟವರಿಗೆ ಪಿ.ಯು.ಸಿ. ಖಾಸಗಿಯಾಗಿ ಕಟ್ಟುವ ದಾರಿ ಇದೆ, ಮುಕ್ತ ಶಾಲೆ ಇದೆ. ಹೇಳುವವರಿಲ್ಲ, ಅಷ್ಟೇ.

ಖರ್ಚು ಯಾರು ಕೊಡುತ್ತಾರೆ ಎಂದು ಕೇಳುವ ಮುಂಚೆಯೇ ಉತ್ತರ ಕೊಡುತ್ತೇವೆ. ಎಣ್ಣೆ ಮಿಲ್ಲಿನ ಊರಿನಲ್ಲಿ ಬೋಂಡಾ ಕರಿಯಲು ಎಣ್ಣೆಗೆ ಬರವೇ? ಮೊಳಕಾಲ್ಮೂರಿನ ರೇಷ್ಮೆ ಸೀರೆ ಎಷ್ಟೋ ಅಮ್ಮಂದಿರ ಟ್ರಂಕಿನಲ್ಲಿ ಮಡಿಕೆ ಬಿಚ್ಚದೆ ಇವೆ, ಬಾಡಿಗೆಗೆ ತರಬೇಕಿಲ್ಲ. ಬಳೆ ಅಂಗಡಿಯವರು ಆ ಬ್ಯಾಚಿನವರು ಎಂದು ಹೇಳಿದರೆ ಡಜನ್ನಿಗೆ ಅರ್ಧ ದುಡ್ಡು ಸಾಕು ಎಂದಿದ್ದಾರೆ. ಎದುರಿನ ಸ್ಟುಡಿಯೋದವರು ಇನ್ನೂ ಒಂದು ಹೆಜ್ಜೆ ಮುಂದೆ. ಗ್ರೂಪ್ ಫೋಟೊ ಬಿಟ್ಟಿ ತೆಗೆದು ಫ್ರೇಮ್ ಹಾಕಿಸಿ ಶಾಲೆಗೆ ಕೊಡುತ್ತಾರಂತೆ. ಮೂರು ಸಾಲು ನಿಲ್ಲುವಷ್ಟು ಬೆಂಚು ಹೊರಗೆ ಹಾಕಿಸಿ, ಹೊತ್ತು ಏರುವ ಮುಂಚೆ ಕರೆಯಿರಿ ಎಂದಷ್ಟೇ ಅವರ ಷರತ್ತು.