ಮ್ಯಾಪ್‌ನಲ್ಲಿ ಎರಡೂವರೆ ಗಂಟೆ

ಕಳೆದ ಜುಲೈನಲ್ಲಿ ಅಪ್ಪ ಅಮ್ಮ ನನ್ನ ಜೊತೆ ಇರೋಕೆ ಲುಬ್ಲಿಯಾನಾಕ್ಕೆ ಬಂದಿದ್ರು. ಸ್ಲೊವೇನಿಯಾದ ರಾಜಧಾನಿ ಇದು. ಪ್ರಾಜೆಕ್ಟ್ ಮೇಲೆ ಬಂದ ನಾನು ಇಲ್ಲೇ ಉಳ್ಕೊಂಡಿದ್ದೀನಿ. ಕೋಟೆ, ಸರೋವರ ಎಲ್ಲ ನೋಡಿ ಮುಗಿಸಿ, ಮೂರನೇ ದಿನ ಅಪ್ಪ, "ಬೆಟ್ಟ ಹತ್ತೋಣ ಕಣೋ" ಅಂದ್ರು. ವಯಸ್ಸು 63, ಒಂದು ಮಂಡಿ ನೋವು. ಉತ್ಸಾಹಕ್ಕೆ ಮಾತ್ರ ಏನೂ ಕಮ್ಮಿ ಇಲ್ಲ.

ಫೋನ್ ತೆಗೆದೆ. ವರ್ಶಿಚ್ ಕಣಿವೆದಾರಿ 1611 ಮೀಟರ್ ಎತ್ತರದಲ್ಲಿದೆ, ಅಲ್ಲಿವರೆಗೂ ಕಾರು ಹೋಗುತ್ತೆ. ಅಲ್ಲಿಂದ ಮಾಲಾ ಮೊಯ್‌ಸ್ಟ್ರೋವ್ಕಾ ಅನ್ನೋ 2332 ಮೀಟರಿನ ಶಿಖರಕ್ಕೆ ನನ್ನ ಮಾಮೂಲಿ ಮ್ಯಾಪ್ ಒಂದು ಚುಕ್ಕೆ ಗೆರೆ ಎಳೆದು, ಎರಡೂವರೆ ಗಂಟೆ ನಡಿಗೆ ಅಂತು. ಸರಿ, ಭಾನುವಾರ ಹೊರಡೋದು ಅಂತ ತೀರ್ಮಾನ ಆಯ್ತು.

ಆಫೀಸಲ್ಲಿ ಊಟದ ಹೊತ್ತಿಗೆ ಆ ಗೆರೆಯನ್ನ ಪಕ್ಕದ ಸಹೋದ್ಯೋಗಿಗೆ ತೋರಿಸಿದೆ. ಅವನು ಇಲ್ಲಿಯವನೇ. ನೋಡಿದವನು ಚಮಚ ಕೆಳಗಿಟ್ಟ. "ಇದು ಹಾಂಜಾ ದಾರಿ. ಅಪ್ಪನನ್ನ ಇಲ್ಲಿ ಕರ್ಕೊಂಡು ಹೋಗ್ತೀಯಾ?"

ಸ್ಲೊವೇನಿಯಾದ ಪರ್ವತಾರೋಹಣ ಸಂಘ ತನ್ನದೇ ಆನ್‌ಲೈನ್ ಮ್ಯಾಪ್ ನಡೆಸುತ್ತೆ. ಅದನ್ನ ತೆರೆದು ಅದೇ ದಾರಿ ತೋರಿಸಿದ. ಇಲ್ಲಿ ಬೆಟ್ಟದ ದಾರಿಗಳಿಗೆ ಮೂರು ದರ್ಜೆ: ಸುಲಭ, ಕಷ್ಟ, ತುಂಬಾ ಕಷ್ಟ. ನಮ್ಮದು ಮೂರನೆಯದು. ಉತ್ತರದ ಬಂಡೆಗೋಡೆಗೆ ಉಕ್ಕಿನ ಹಗ್ಗ, ಕಬ್ಬಿಣದ ಗೂಟ ಹೊಡೆದಿದ್ದಾರೆ. ಹೆಲ್ಮೆಟ್, ಸೊಂಟದ ಬೆಲ್ಟ್ ಹಾಕ್ಕೊಂಡು ಹತ್ತಬೇಕು. ಕಬ್ಬನ್ ಪಾರ್ಕಲ್ಲಿ ವಾಕ್ ಹೋಗೋಕೂ ಅದೇ ಚುಕ್ಕೆ ಗೆರೆ, ಇದಕ್ಕೂ ಅದೇ ಚುಕ್ಕೆ ಗೆರೆ!

ಎಂಜಿನಿಯರ್ ಬುದ್ಧಿ, ಸುಮ್ಮನಿರಲಿಲ್ಲ. ರಾತ್ರಿ ಕೂತು ನೋಡಿದೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಬೆಟ್ಟದ ದಾರಿ ಎಷ್ಟು ಕಷ್ಟ ಅಂತ ಬರೆಯೋಕೇ 'ಸ್ಯಾಕ್ ಸ್ಕೇಲ್' ಅನ್ನೋ ಟ್ಯಾಗ್ ಇದೆ. ಅಂದ್ರೆ ಆ ಮಾಹಿತಿಗೆ ಜಾಗ ಮಾಡಿಟ್ಟಿದ್ದಾರೆ, ಎಷ್ಟೋ ದಾರಿಗಳಿಗೆ ಯಾರೋ ಪುಣ್ಯಾತ್ಮರು ತುಂಬಿಸಿಯೂ ಇದ್ದಾರೆ. ನನ್ನ ಆ್ಯಪ್ ಅದನ್ನ ತೋರಿಸಲ್ಲ, ಅಷ್ಟೇ. ನಾನೂ ಎಷ್ಟು ಸಲ 'ಸ್ಕ್ರೀನ್ ಕ್ಲೀನ್ ಆಗಿರಲಿ' ಅಂತ ಇಂಥ ಫೀಲ್ಡ್‌ಗಳನ್ನ ಕಿತ್ತು ಹಾಕಿದ್ದೀನೋ.

ದಾರಿ ಬದಲಾಯ್ತು. ಅದೇ ಕಣಿವೆದಾರಿಯಿಂದ ಸ್ಲೆಮೆನೋವಾ ಶ್ಪಿತ್ಸಾಗೆ ಹೋಗೋದು, ಅದು ಸುಲಭದ ದರ್ಜೆ. ಶನಿವಾರ ರಾತ್ರಿ ಸರ್ಕಾರಿ ಹವಾಮಾನ ಪೋರ್ಟಲ್ ನೋಡಿದೆ. ಬೆಟ್ಟಗಳಿಗೇ ಬೇರೆ ಮುನ್ಸೂಚನೆ ಕೊಡ್ತಾರೆ. ಮಧ್ಯಾಹ್ನ ಗುಡುಗು ಅಂತಿತ್ತು, ಹಾಗಾಗಿ ಐದಕ್ಕೇ ಎದ್ವಿ. ಟ್ರಾಫಿಕ್ ಪೋರ್ಟಲ್ಲಲ್ಲಿ ರಸ್ತೆ ತೆರೆದಿದೆಯಾ ಅಂತಲೂ ನೋಡ್ಕೊಂಡೆ. (ನೀವು ಈ ಕಡೆ ಕಾರಲ್ಲಿ ಬಂದ್ರೆ ಹೆದ್ದಾರಿಗೆ ಇ-ವಿನ್ಯೆಟ್ ಬೇಕು. ಹೆದ್ದಾರಿ ಕಂಪನಿಯ ಸ್ವಂತ ಸೈಟಲ್ಲೇ ಕೊಳ್ಳಿ. ಸರ್ಚ್ ಮಾಡಿದ್ರೆ ಕಮಿಷನ್ ಸೇರಿಸಿ ಮಾರೋ ಸೈಟ್‌ಗಳೂ ಸಿಗ್ತವೆ.)

ಇಪ್ಪತ್ನಾಲ್ಕು ಹೇರ್‌ಪಿನ್ ತಿರುವು ದಾಟಿ, ಕಾರು ನಿಲ್ಲಿಸಿ ನಡೆದ್ವಿ. ಬಂಡೆಗಳ ಮೇಲೆ ಕೆಂಪು ಉಂಗುರದೊಳಗೆ ಬಿಳಿ ಬೊಟ್ಟು, ದಾರಿಯ ಗುರುತು. 1922ರಿಂದ ದೇಶಕ್ಕೆಲ್ಲ ಇದೇ. ಆದ್ರೆ ಸುಲಭದ ದಾರಿಗೂ ಕಷ್ಟದ ದಾರಿಗೂ ಬೊಟ್ಟು ಒಂದೇ! ವ್ಯತ್ಯಾಸ ಗೊತ್ತಾಗೋದು ಕವಲಿನ ಬೋರ್ಡಿನಲ್ಲಿ, ಇಲ್ಲಾ ಆ ಸಂಘದ ಮ್ಯಾಪಿನಲ್ಲಿ.

ಕವಲು ಬಂತು. ಹೆಲ್ಮೆಟ್ ಹಾಕಿದ ನಾಲ್ಕೈದು ಜನ ಬಂಡೆ ಕಡೆ ತಿರುಗಿದ್ರು. ಅಪ್ಪ ಅವರನ್ನ ನೋಡಿದ್ರು, ಗೋಡೆ ನೋಡಿದ್ರು, ಆಮೇಲೆ ನನ್ನನ್ನ ನೋಡಿದ್ರು.

"ಮೊದಲು ನೀನು ಹೇಳಿದ್ದು ಇದೇನಾ?"

ನಾನು ಮಾತಾಡಲಿಲ್ಲ.

ಸ್ಲೆಮೆನೋವಾ ಮೇಲೆ ಕೂತಾಗ ಎದುರಿಗೆ ಯಾಲೊವೆತ್ಸ್ ಶಿಖರ. ಅಮ್ಮ ಪುಳಿಯೋಗರೆ ಡಬ್ಬಿ ಬಿಚ್ಚಿದ್ರು. ಮಧ್ಯಾಹ್ನ ಕಾರು ಹತ್ತೋ ಹೊತ್ತಿಗೆ ಮೊದಲ ಗುಡುಗು ಕೇಳಿಸ್ತು. ಅಪ್ಪ ಮಂಡಿ ಉಜ್ಜಿಕೊಳ್ತಾ ಅಮ್ಮನಿಗೆ ಹೇಳ್ತಿದ್ರು, "ಉಳಿದಿರೋದನ್ನ ಆ ಆಫೀಸಿನ ಹುಡುಗನಿಗೆ ಎತ್ತಿಡು."